ಚಿಕ್ಕತಾಯಿಯ ಮೂರನೇ ಸಾಲು

ಒದ್ದೆ ಸ್ಲೇಟಿನ ವಾಸನೆ ಮೂಗಿಗೆ ಬಡಿದರೆ ಈ ವಯಸ್ಸಿನಲ್ಲೂ ನಾನು ತಲೆ ತಗ್ಗಿಸುತ್ತೇನೆ. ಐವತ್ತರ ದಶಕದ ಹುಣಸೂರಿನಲ್ಲಿ, ಲಕ್ಷ್ಮಣತೀರ್ಥ ಹೊಳೆಗೆ ಬೆನ್ನು ಮಾಡಿ ನಿಂತಿದ್ದ ನಮ್ಮ ಹೆಂಚಿನ ಮನೆಯ ಜಗಲಿ ತುಂಬ ಸ್ಲೇಟುಗಳೇ. ಅಪ್ಪ ಶಾಲೆಯ ಮೇಷ್ಟ್ರು. ಶನಿವಾರ ಶಾಲೆ ಬಿಟ್ಟ ಮೇಲೆ ನಮ್ಮ ತರಗತಿಯವರನ್ನೆಲ್ಲ ಹೊಳೆದಂಡೆಗೆ ಕರೆದೊಯ್ದು, "ಕಣ್ಣಿಗೆ ಬಿದ್ದಿದ್ದು ಒಂದನ್ನ ನೋಡಿ ನಾಲ್ಕು ಸಾಲು ಬರೀರಿ. ಮನಸಲ್ಲಿರೋ ದುಃಖ ಅದರ ಜೊತೇಲಿ ತಾನಾಗೇ ಬತ್ತದೆ" ಎನ್ನುತ್ತಿದ್ದರು. ಆಮೇಲೆ ಎಲ್ಲರೂ ಜಗಲಿಗೆ ಬಂದು ಓದಬೇಕು. ಅವ್ವ ಮೊರದಲ್ಲಿ ಹುರಿದ ಅವರೆಕಾಳು ತಂದಿಡುತ್ತಿದ್ದಳು. ನಿಮಗೂ ಅಂಥದ್ದೊಂದು ಜಗಲಿ ಇದ್ದಿರಬಹುದು.

ನಾನು ಮೇಷ್ಟ್ರ ಮಗಳು; ಪದ್ಯವೆಂದರೆ ನಮ್ಮ ಮನೆಯ ಆಸ್ತಿ ಎಂಬ ಜಂಬ. ಆ ಹೊಳೆಯಲ್ಲಿ ಒಂದೂ ತಾವರೆ ಇರಲಿಲ್ಲ, ಆದರೂ ವಾರವಾರವೂ ತಾವರೆಯನ್ನೇ ಬರೆಯುತ್ತಿದ್ದೆ. ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಚಿಕ್ಕತಾಯಿ ಎಂಬ ಹುಡುಗಿಯ ಅವ್ವ ತೀರಿಕೊಂಡು ಆಗ ತಿಂಗಳಾಗಿತ್ತು. ಅಲ್ಲಿಯವರೆಗೆ ಒಂದಕ್ಷರವೂ ಬರೆಯದಿದ್ದವಳು ಆ ಶನಿವಾರ ತಾನಾಗಿಯೇ ಎದ್ದು ನಿಂತಳು. ನಮ್ಮ ಕಡೆ ಮಣ್ಣು ಮಾಡಿದ ಮೂರನೇ ದಿನ ಹಾಲುತುಪ್ಪ ಬಿಟ್ಟು, ಗುಡ್ಡೆಯ ಮೇಲೆ ಎಡೆಯಿಟ್ಟು, ಕಾಗೆ ಬಂದು ಮುಟ್ಟಲಿ ಎಂದು ಕಾಯುತ್ತಾರೆ. ಅವಳು ಅದನ್ನೇ ಬರೆದಿದ್ದಳು.

"ಕಾಗೆ ಬಂತು, ಅವ್ವನ ಎಡೆ ಉಂಡೋಯ್ತು.
ಬೇಲಿ ಮ್ಯಾಲೆ ಅವಳ ಸೀರೆ ಇನ್ನೂವೆ ಒಣಗ್ತಿತ್ತು."

ಅವಳು ಎರಡು ಸಾಲು ಓದುವಷ್ಟರಲ್ಲೇ ನಾನು ಕಿಸಕ್ಕನೆ ನಕ್ಕೆ. "ಕಾಗೆ ಮ್ಯಾಲೆ ಯಾರಾರ ಪದ್ಯ ಬರೀತಾರೇನೆ?" ಎಂದೆ. ಜಗಲಿಯಲ್ಲಿದ್ದವರೆಲ್ಲ ನಕ್ಕರು. ಚಿಕ್ಕತಾಯಿ ಅಳಲಿಲ್ಲ. ಅಂಗೈಗೆ ಉಗುಳಿಕೊಂಡು ಸ್ಲೇಟನ್ನು ಮೂಲೆಯಿಂದ ಮೂಲೆಗೆ ಒರೆಸಿಬಿಟ್ಟಳು. ಅಪ್ಪ ನನ್ನನ್ನು ಬೈಯಲಿಲ್ಲ. ಅವಳ ಮುಂದೆ ಕುಕ್ಕರುಗಾಲಿನಲ್ಲಿ ಕೂತು, "ಇನ್ನೆರಡು ಸಾಲು ಹೇಳವ್ವ, ನಾನು ಬರ್ಕೊತೀನಿ" ಎಂದರು.

"ಮರ್ತೋಯ್ತು ಬುಡಿ ಮೇಷ್ಟ್ರೇ" ಎಂದಳು.

ಆಮೇಲೂ ಅವಳು ಬಂದಳು, ಅವರೆಕಾಳು ತಿಂದಳು, ನನ್ನ ಜೊತೆ ಕುಂಟೆಬಿಲ್ಲೆಯನ್ನೂ ಆಡಿದಳು. ಹೊಳೆದಂಡೆಯಲ್ಲಿ ಮಾತ್ರ ಸ್ಲೇಟನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂರುತ್ತಿದ್ದಳು. ತಪ್ಪಾಯಿತೆಂದು ಹೇಳಲು ನನಗೆ ಎಷ್ಟೋ ಶನಿವಾರಗಳಿದ್ದವು. ಮೇಷ್ಟ್ರ ಮಗಳೆಂಬ ಕೊಬ್ಬು, ಹೇಳಲಿಲ್ಲ. ಮುಂದೆ ಅವಳನ್ನು ಪಿರಿಯಾಪಟ್ಟಣದ ಕಡೆಗೆ ಮದುವೆ ಮಾಡಿಕೊಟ್ಟರು. ಮತ್ತೆ ನಾನು ಅವಳನ್ನು ನೋಡಲಿಲ್ಲ.

ಈಗ ಆ ಜಗಲಿಯೂ ಇಲ್ಲ, ಅವ್ವ ಅಪ್ಪ ಇಬ್ಬರೂ ಇಲ್ಲ. ಅಪ್ಪನ ಹಾಲುತುಪ್ಪದ ದಿನ ಎಡೆಯಿಟ್ಟು ನಾವೆಲ್ಲ ಹಿಂದೆ ಸರಿದು ನಿಂತೆವು. ಕಾಗೆ ಬಂತು, ಉಂಡಿತು. ಮನೆಗೆ ಬಂದರೆ ಗೂಟದಲ್ಲಿ ಅಪ್ಪನ ಕೋಟು ಇನ್ನೂ ತೂಗುತ್ತಿತ್ತು. ಅದರ ಮುಂದೆ ನಿಂತು ಚಿಕ್ಕತಾಯಿಯ ಎರಡು ಸಾಲುಗಳನ್ನು ಬಾಯಿಬಿಟ್ಟು ಹೇಳಿಕೊಂಡೆ. ಮೂರನೆಯದು ಬೇಕಾಗಿತ್ತು. ಅದು ಬರುವ ಮೊದಲೇ ನಾನು ನಕ್ಕುಬಿಟ್ಟಿದ್ದೆ.