ತೂಕ ಇಳಿದಾಗ ಹೊಡೆಯುವ ಗಂಟೆ

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಬೀಗ ರಿಪೇರಿಯವನ ಅಂಗಡಿಗೂ ಒಂದು ಲಾಂಡ್ರಿಗೂ ನಡುವೆ ಸಿಕ್ಕಿಹಾಕಿಕೊಂಡಂತಿದ್ದ ಕಿರಿದಾದ ಅಂಗಡಿಯಲ್ಲಿ ಅವಳು ತಕ್ಕಡಿ ರಿಪೇರಿ ಮಾಡುತ್ತಿದ್ದಳು. ಅಂಗಡಿ ಅಪ್ಪನದು. ಅಪ್ಪನ ಕಣ್ಣು ಮಂಜಾದ ಮೇಲೆ ಸ್ಪ್ರಿಂಗು, ಸ್ಕ್ರೂಗಳ ಡಬ್ಬಿಗಳೆಲ್ಲ ಅವಳ ಪಾಲಿಗೆ ಬಂದವು. ಬೀದಿಯವರು ಅವಳಿಗೆ ಸ್ಪ್ರಿಂಗಕ್ಕ ಎಂದು ಹೆಸರಿಟ್ಟಿದ್ದರು. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದವರು ಆಮೇಲೆ ಎದುರಿಗೇ ಕರೆಯತೊಡಗಿದರು. ಅವಳು ಓಗೊಡುತ್ತಿದ್ದಳು.

ಗಂಡನ ತಂಗಿ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆಗೆ ಹೋಗುತ್ತಿದ್ದಳು. ಒಂದು ಸಂಜೆ ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಂದು ಅಂಗಡಿಯ ಮೆಟ್ಟಿಲ ಮೇಲೆ ಕೂತಳು. ಸೂಜಿ ಉಗುರನ್ನೇ ತೂರಿಕೊಂಡು ಇಳಿದಿತ್ತು.

“ಎಲ್ಲರಿಗೂ ಒಂದ್ಸಲ ಆಗತ್ತೆ ಅತ್ತಿಗೆ. ಆದ್ಮೇಲೆ ಹುಷಾರಾಗ್ತೀವಿ” ಎಂದಳು.

ಎಲ್ಲರಿಗೂ ಎಂಬ ಮಾತು ಸ್ಪ್ರಿಂಗಕ್ಕನ ತಲೆ ಕೊರೆಯತೊಡಗಿತು. ಹಳೆಯ ತಕ್ಕಡಿಯ ತೆಳು ಸ್ಪ್ರಿಂಗೊಂದನ್ನು ಕತ್ತರಿಸಿ, ಅದರ ಆಸರೆಯಲ್ಲಿ ಹೊಲಿಗೆ ಮಿಷನ್ನಿನ ಸೂಜಿಯ ಮುಂದೆ ಉಗುರಿನಗಲದ ತಗಡು ಕೂರಿಸಿದಳು. ಬೆರಳು ತಗಡಿಗೆ ತಾಕಿದರೆ ಬೆಲ್ಟು ಸಡಿಲವಾಗಿ ಮಿಷನ್ನು ನಿಲ್ಲುತ್ತಿತ್ತು. ಅವಳ ಗಂಡ ಬಸ್ ಕಂಡಕ್ಟರು. ಕಾನೂನು ಓದಲು ಹೋಗಿ ಅರ್ಧಕ್ಕೇ ಕೈಬಿಟ್ಟವನು, ಅರ್ಜಿ ಬರೆಯುವುದರಲ್ಲಿ ಮಾತ್ರ ಎತ್ತಿದ ಕೈ. ಅವನೇ ಕೂತು ಪೇಟೆಂಟಿಗೆ ಬರೆದ. ಪೇಟೆಂಟು ಸಿಕ್ಕಿತು. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ, ಬಂದವರಿಗೆಲ್ಲ ಮೊದಲು ಅದೇ ಕಾಣುವಂತೆ ನೇತುಹಾಕಿದಳು. ಕಾರ್ಖಾನೆಯವರು ಒಂದು ಸಾಲು ಮಿಷನ್ನುಗಳಿಗೆ ತಗಡು ಹಾಕಿಸಿ ನೋಡಿದರು. ದಪ್ಪ ಬಟ್ಟೆ ಬಂದಾಗಲೆಲ್ಲ ಮಿಷನ್ನು ಬೆರಳೆಂದುಕೊಂಡು ನಿಲ್ಲುತ್ತಿತ್ತು. ಮೇಲ್ವಿಚಾರಕ ಎಲ್ಲವನ್ನೂ ಬಿಚ್ಚಿಸಿ ಚೀಲದಲ್ಲಿ ವಾಪಸು ಕಳಿಸಿದ.

ಎರಡನೆಯದು ಹುಟ್ಟಿದ್ದು ಆಸ್ಪತ್ರೆಯಲ್ಲಿ. ಅತ್ತೆಯನ್ನು ಸೇರಿಸಿದ್ದಾಗ ಗ್ಲೂಕೋಸ್ ಬಾಟಲಿಯನ್ನು ನೋಡುತ್ತ ಕೂರುವ ಕೆಲಸ ಅವಳದು. ಒಮ್ಮೆ ಕಣ್ಣು ಹತ್ತಿತು. ಎಚ್ಚರವಾದಾಗ ಬಾಟಲಿ ಬರಿದಾಗಿ, ನಳಿಕೆಯಲ್ಲಿ ಅತ್ತೆಯ ರಕ್ತ ಮೇಲೇರಿತ್ತು. ಓಡಿಬಂದ ನರ್ಸಮ್ಮ ಅವಳಿಗೆ ಚೆನ್ನಾಗಿ ಬಿಸಿ ಮುಟ್ಟಿಸಿದರು. ಅತ್ತೆಗೇನೂ ಆಗಲಿಲ್ಲ. “ಅವಳನ್ನ ಬಯ್ಯಬೇಡಿ, ಬಯ್ಯೋಕೆ ನಾನಿದೀನಿ” ಎಂದರು ಮಲಗಿದ್ದಲ್ಲಿಂದಲೇ.

ಅತ್ತೆ ಮನೆಗೆ ಬರುವ ಹೊತ್ತಿಗೆ ಸೊಸೆ ಒಂದು ಕೊಕ್ಕೆ ಮಾಡಿದ್ದಳು. ಬಾಟಲಿ ಸ್ಪ್ರಿಂಗಿನಿಂದ ತೂಗುತ್ತಿತ್ತು. ತೂಕ ಇಳಿದಂತೆ ಸ್ಪ್ರಿಂಗು ಮೇಲಕ್ಕೆ ಸೆಳೆದು, ಕೊನೆಯಲ್ಲಿ ಗಂಟೆ ಹೊಡೆಯುತ್ತಿತ್ತು. ಗಂಡ ಮತ್ತೆ ಪೆನ್ನು ಹಿಡಿದ.

“ಆಸ್ಪತ್ರೆ ಬಾಟ್ಲಿ ಅಂತ ಯಾಕೆ ಬರೀಬೇಕು? ‘ದ್ರವ ತುಂಬಿದ ಯಾವುದೇ ಪಾತ್ರೆ’ ಅಂತ ಹಾಕ್ತೀನಿ. ಬೇಲಿ ಹಾಕೋದಾದ್ರೆ ಊರಗಲ ಹಾಕ್ಬೇಕು.”

“ನಿಮ್ಮಿಷ್ಟ. ಸ್ಪ್ರಿಂಗಿನ ಚಿತ್ರ ಮಾತ್ರ ಕೆಡಿಸ್ಬೇಡಿ” ಎಂದಳು.

ಆ ಕೊಕ್ಕೆಗಳು ಆಸ್ಪತ್ರೆಯಲ್ಲಿ ಕೆಲವು ವರ್ಷ ತೂಗಿದವು. ಆಮೇಲೆ ವಿದ್ಯುತ್ತಿನ ಯಂತ್ರಗಳು ಬಂದವು. ಕೊಕ್ಕೆಗಳಿಗೆ ನರ್ಸುಗಳು ಕೊಡೆ ಸಿಕ್ಕಿಸತೊಡಗಿದರು. ಪೇಟೆಂಟನ್ನು ನವೀಕರಿಸುವ ಗೋಜಿಗೆ ಇವಳೂ ಹೋಗಲಿಲ್ಲ.

ಮೂರನೆಯದು ಗಂಡನ ಬಸ್ಸಿಗೆ. ಮೆಟ್ಟಿಲ ಮೇಲೆ ಯಾರಾದರೂ ನಿಂತಿದ್ದರೆ ಬಾಗಿಲು ಮುಚ್ಚದಂತೆ ಮಾಡಿದ್ದಳು. ಅದಕ್ಕೂ ಪೇಟೆಂಟು ಬಂತು. ಮೊದಲ ದಿನವೇ ತಿಳಿದದ್ದೇನೆಂದರೆ, ಆ ಬಸ್ಸಿನ ಮೆಟ್ಟಿಲ ಮೇಲೆ ಯಾರೂ ನಿಂತಿರದ ಹೊತ್ತೇ ಇರಲಿಲ್ಲ. ಬಾಗಿಲು ಮುಚ್ಚಲಿಲ್ಲ, ಬಸ್ಸು ಹೊರಡಲಿಲ್ಲ. ಡ್ರೈವರು ಕೊನೆಗೆ ಅದನ್ನು ಹಗ್ಗದಿಂದ ಬಿಗಿದು, “ನಿಮ್ಮ ಮನೆಯವರ ಬುದ್ಧಿ ಮನೇಲೇ ಇರ್ಲಿ ಮಾರಾಯ” ಎಂದ. ಗಂಡ ಇದನ್ನು ಮನೆಯಲ್ಲಿ ಹೇಳಲಿಲ್ಲ. ನಾದಿನಿ ಹೇಳಿದಳು.

ನಾಲ್ಕನೆಯದರ ಮೇಲೆ ಸ್ಪ್ರಿಂಗಕ್ಕನಿಗೆ ಬಹಳ ಆಸೆಯಿತ್ತು. ಗ್ಯಾಸ್ ಸಿಲಿಂಡರಿನ ಕೆಳಗೆ ಇಡುವ ಮಣೆ ಅದು. ಗ್ಯಾಸು ಮುಗಿಯುವ ಮೊದಲೇ ಗಂಟೆ ಹೊಡೆದು ಹೇಳುತ್ತಿತ್ತು. ಎಲ್ಲ ಅಡುಗೆಮನೆಗೂ ಬೇಕಾದ ವಸ್ತು. ಆದರೆ ಪೇಟೆಂಟ್ ಕಚೇರಿ ಈ ಸಲ ತಕರಾರು ಎತ್ತಿತು: ಇದು ಹೊಸದಲ್ಲ, ಇದನ್ನು ಹಿಂದೆಯೇ ಒಬ್ಬರು ಕಂಡುಹಿಡಿದಿದ್ದಾರೆ. ಆ ಒಬ್ಬರು ಯಾರೆಂದು ನೋಡಿದರೆ ಅವಳೇ.

ಗಂಡ ಹೆಂಡತಿ ಇಬ್ಬರೂ ಕಚೇರಿಗೆ ಹೋದರು. ಉದ್ದನೆಯ ಕೋಣೆ, ಗೋಡೆಯುದ್ದಕ್ಕೂ ಬೀರು. ಪರೀಕ್ಷಕರಿಗೆ ಶೀತವಾಗಿತ್ತು, ಮೂಗೊರೆಸಿಕೊಂಡು ಹಳೆಯ ಪೇಟೆಂಟಿನ ಪ್ರತಿಯನ್ನು ಮುಂದೆ ಸರಿಸಿದರು.

“ಅದು ಆಸ್ಪತ್ರೇದು ಸಾರ್, ಇದು ಅಡುಗೆಮನೇದು” ಎಂದಳು ಅವಳು.

“ಆಸ್ಪತ್ರೆ ಅಂತ ನೀವೆಲ್ಲೂ ಬರೆದಿಲ್ಲವಲ್ಲಮ್ಮ.”

“ಅದು ನೇತಾಡತ್ತೆ. ಇದು ನೆಲದ ಮೇಲೆ ನಿಲ್ಲತ್ತೆ.”

“‘ನೇತುಹಾಕಿದ ಅಥವಾ ಇಟ್ಟ’ ಅಂತಿದೆ ನೋಡಿ.”

ಅವಳು ಗಂಡನ ಕಡೆ ತಿರುಗಿದಳು. ಅವನು ಫ್ಯಾನು ನೋಡುತ್ತಿದ್ದ.

“ದ್ರವ ಅಂತಿದೆಯಲ್ಲ ಸಾರ್. ಇದು ಗ್ಯಾಸು” ಎಂದಳು ಕೊನೆಗೆ.

“ಸಿಲಿಂಡರ್ ಅಲ್ಲಾಡಿಸಿದ್ರೆ ಒಳಗೇನು ಸದ್ದು ಬರತ್ತೆ?”

ಅವಳಿಗೆ ಗೊತ್ತಿತ್ತು. ಮಣೆಗೆ ಸ್ಪ್ರಿಂಗು ಹೊಂದಿಸುವಾಗ ಆ ಸದ್ದನ್ನು ಎಷ್ಟೋ ಸಲ ಕೇಳಿದ್ದಳು. ಸುಳ್ಳು ಹೇಳಲು ಬಾಯಿ ಬರಲಿಲ್ಲ.

“ನೀರಿನ ಹಾಗೆ ಕುಲುಕತ್ತೆ” ಎಂದಳು.

“ಅಷ್ಟೇ ಅಮ್ಮ” ಎಂದರು ಪರೀಕ್ಷಕರು, ತಮಗೂ ಬೇಸರವೇ ಎಂಬಂತೆ. “ನೀವೇ ಕಂಡುಹಿಡಿದದ್ದನ್ನ ಇನ್ನೊಂದ್ಸಲ ಕಂಡುಹಿಡಿಯೋಕಾಗಲ್ಲ.”

ವಾಪಸು ಬರುವಾಗ ಗಂಡ ಬಸ್ಸಿನಲ್ಲಿ ಮೆಲ್ಲಗೆ, “ಬೇಲಿ ಸ್ವಲ್ಪ ದೊಡ್ಡದಾಯ್ತು” ಎಂದ. ಅವಳು ಕಿಟಕಿಯಾಚೆ ನೋಡುತ್ತ, “ನಾಳೆಯಿಂದ ನಿಮ್ಮ ಊಟಾನೂ ಆ ಬೇಲಿ ಒಳಗೇ” ಎಂದಳು. ಅಂದಳೇ ಹೊರತು ಹಾಗೇನೂ ಮಾಡಲಿಲ್ಲ.

ನವೀಕರಿಸದೆ ಬಿಟ್ಟ ಹಳೆಯ ಪೇಟೆಂಟು ಬಿದ್ದುಹೋಗಿದ್ದರಿಂದ ಮಣೆಯನ್ನು ಈಗ ಯಾರು ಬೇಕಾದರೂ ಮಾಡಬಹುದಿತ್ತು. ಮೊದಲು ಮಾಡಿದವನು ಪಕ್ಕದ ಬೀಗದವನೇ. ಮಾಡಿದ್ದನ್ನು ಅಂಗಡಿಯ ಮುಂದೆ ಜೋಡಿಸಿಟ್ಟ. ಅವಳು ಅವನೊಂದಿಗೆ ಮಾತು ಬಿಟ್ಟಳು. ಆದರೆ ಅವನ ಮಣೆಗಳು ಗ್ಯಾಸೆಲ್ಲ ಮುಗಿದ ಮೇಲೆ ಹೊಡೆಯುತ್ತವೆಂದು ಗಿರಾಕಿಗಳು ಗೊಣಗುವುದು ಕಿವಿಗೆ ಬೀಳುತ್ತಿತ್ತು. ಅದನ್ನು ತಡೆದುಕೊಳ್ಳುವುದು ಅವಳಿಗೆ ಮಾತು ಬಿಡುವುದಕ್ಕಿಂತ ಕಷ್ಟವಾಯಿತು. ಒಂದು ಮಧ್ಯಾಹ್ನ ಹೋಗಿ, “ನಿನ್ನ ಸ್ಪ್ರಿಂಗು ತೀರಾ ಮೆದು ಕಣಯ್ಯ, ಕೊಡಿಲ್ಲಿ” ಎಂದು ಕಿತ್ತುಕೊಂಡು ಸರಿಮಾಡಿದಳು. ಅಲ್ಲಿಂದ ಸ್ಪ್ರಿಂಗು ಅವಳದು, ಮಣೆ ಅವನದು ಎಂದಾಯಿತು.

ಆಮೇಲೆ ಕೆಲ ಕಾಲ ಹೊಸದೇನೂ ಮಾಡಲಿಲ್ಲ. ಕೇಳಿದವರಿಗೆ, ಮಾಡೋದೆಲ್ಲ ಆಯ್ತು ಎನ್ನುತ್ತಿದ್ದಳು. ಹೀಗಿರುವಾಗ ಆರೋಗ್ಯ ಕೇಂದ್ರದ ಸೂಲಗಿತ್ತಿ ಕೂಸುಗಳನ್ನು ತೂಗುವ ತಕ್ಕಡಿಯೊಂದನ್ನು ರಿಪೇರಿಗೆ ತಂದಳು. ತಕ್ಕಡಿಯಲ್ಲಿ ಯಾವ ದೋಷವೂ ಇರಲಿಲ್ಲ.

“ಕೂಸು ಕೈಕಾಲು ಬಡಿಯತ್ತೆ, ಮುಳ್ಳು ಕುಣಿಯತ್ತೆ. ನಾನು ಸುಮ್ನೆ ಅಂದಾಜಲ್ಲಿ ಬರ್ಕೋತೀನಿ” ಎಂದಳು ಅವಳು.

ಸ್ಪ್ರಿಂಗಕ್ಕ ಆ ಮುಳ್ಳಿನ ಬುಡಕ್ಕೆ ಪುಟ್ಟದೊಂದು ಎಣ್ಣೆಯ ಕೊಳವೆ ಸೇರಿಸಿದಳು. ಒಳಗಿನ ಬಿಲ್ಲೆ ಎಣ್ಣೆಯಲ್ಲಿ ನಿಧಾನವಾಗಿ ಜರುಗುವುದರಿಂದ ಒದೆತದ ಜೋರು ಅಲ್ಲೇ ಅಡಗುತ್ತಿತ್ತು. ತೆಳು ಎಣ್ಣೆ ಸಾಲದೆ ದಪ್ಪ ಹಾಕಿದಳು. ಚಳಿಗೆ ಅದು ಹೆಪ್ಪಾಗಿ ಮತ್ತೆ ಬದಲಾಯಿಸಿದಳು. ಜೀವಮಾನವಿಡೀ ತಕ್ಕಡಿ ಹಿಡಿದವಳು ತಕ್ಕಡಿಗೆಂದೇ ಮಾಡಿದ್ದು ಇದೊಂದೇ. ಅರ್ಜಿಯನ್ನು ಈ ಸಲ ತಾನೇ ಬರೆದಳು, ಚಿಕ್ಕದಾಗಿ. ತಕರಾರು ಬರಲಿಲ್ಲ.

ಪೇಟೆಂಟು ಬಂದ ವಾರ ಅವಳು ಆರೋಗ್ಯ ಕೇಂದ್ರಕ್ಕೆ ಹೋಗಿ ಬಾಗಿಲ ಹತ್ತಿರ ನಿಂತು ನೋಡಿದಳು. ಒಂದು ಕೂಸು ತಟ್ಟೆಯಲ್ಲಿ ಕೆಂಪಾಗಿ ಅಳುತ್ತಿತ್ತು. ಮುಳ್ಳು ಮೆಲ್ಲಗೆ ಏರಿ ನಿಂತಿತು. ಸೂಲಗಿತ್ತಿ ತೂಕ ಓದಿ ಹೇಳಿದಳು. ತಾಯಿ ನಂಬದೆ ತಾನೇ ಬಗ್ಗಿ ಓದಿದಳು. “ಹೋದ ತಿಂಗಳಿಗಿಂತ ಜಾಸ್ತಿ ಆಗಿದೆ” ಎಂದು ಬಾಗಿಲಲ್ಲಿದ್ದ ಸ್ಪ್ರಿಂಗಕ್ಕನಿಗೆ ಹೇಳಿದಳು, ಯಾರೋ ಸರದಿಗೆ ನಿಂತವರಿರಬೇಕೆಂದುಕೊಂಡು. “ಹೌದಾ, ಒಳ್ಳೇದಾಯ್ತು” ಎಂದು ಸ್ಪ್ರಿಂಗಕ್ಕ ಮುಂದಿನ ಕೂಸಿಗೆ ಜಾಗ ಬಿಟ್ಟಳು.