ಅಪ್ಪ ಒತ್ತದ ಹೆಬ್ಬೆಟ್ಟು

ಕೊಲ್ಲಿ ದೇಶದ ಮೈದಾನ್ ಹವಲ್ಲಿಯ ಎರಡು ಕೋಣೆಯ ಮನೆಯಲ್ಲಿ, ಶುಕ್ರವಾರದ ರಜೆಗಳಲ್ಲಿ ಕೂತು ನಾನು ಆದಿವಾಸಿ ಶಿಕ್ಷಣದಲ್ಲಿ ಎಂ.ಎ. ಮಾಡಿದೆ. ವಾರವೆಲ್ಲ ಖೈತಾನಿನ ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಪಾಠ, ಶುಕ್ರವಾರ ನಾನೇ ವಿದ್ಯಾರ್ಥಿನಿ. ನನ್ನ ಪ್ರಬಂಧದ ಜೀವವೆಲ್ಲ ಒಂದೇ ಅಧ್ಯಾಯದಲ್ಲಿತ್ತು: ಕಾಡಿನೊಳಗಿನ ನಮ್ಮ ಹಾಡಿಯಲ್ಲಿ ಅಪ್ಪ ನನಗೆ ಕಾಡು ಕಲಿಸಿದ ಬಗೆ.

ಅಪ್ಪ ಜೇನು ಕೀಳುವವನು. ಯಾವ ಮರದ ಹೆಸರನ್ನೂ ಮೊದಲ ದಿನ ಹೇಳಿದವನಲ್ಲ. ತೊಗಟೆ ಮುಟ್ಟಿಸುತ್ತಿದ್ದ, ಎಲೆ ಹಿಸುಕಿ ಮೂಗಿಗೆ ಹಿಡಿಯುತ್ತಿದ್ದ, ಹೂವಿಗೆ ಯಾವ ಜೇನು ಬರುತ್ತದೆಂದು ಕಾದು ನೋಡಿಸುತ್ತಿದ್ದ. "ಹೆಸರೇನಪ್ಪಾ?" ಎಂದು ಪೀಡಿಸಿದರೆ, "ಮೊದ್ಲು ಗುರ್ತು ಮಾಡ್ಕೊ. ಹೆಸ್ರು ಎಲ್ಲೂ ಓಡೋಗಕ್ಕಿಲ್ಲ" ಎನ್ನುತ್ತಿದ್ದ. ಆಮೇಲೆ ಆಶ್ರಮಶಾಲೆಗೆ ಸೇರಿದೆ. ಅಲ್ಲಿ ಹೆಸರೇ ಮೊದಲು, ಮರ ಬರೀ ಚಿತ್ರದಲ್ಲಿ. ಅಪ್ಪನ ಹಿಂದೆ ನಡೆದ ಆ ಬೆಳಗುಗಳು ಇನ್ನೊಮ್ಮೆ ಸಿಕ್ಕರೆ ಸಾಕಪ್ಪ ಅನಿಸುತ್ತದೆ ಈಗಲೂ.

ಯಾರ ತಿಳಿವಳಿಕೆಯನ್ನು ಬರೆಯುತ್ತೇವೋ ಅವರ ಒಪ್ಪಿಗೆ ಪತ್ರ ಬೇಕು, ಸಹಿಯೋ ಹೆಬ್ಬೆಟ್ಟೋ. ಇಲ್ಲದಿದ್ದರೆ ಆ ಅಧ್ಯಾಯ ಬಿಡಬೇಕು ಎಂಬುದು ವಿಶ್ವವಿದ್ಯಾಲಯದ ನಿಯಮ. ಅದೇನು ಮಹಾ ಎಂದುಕೊಂಡು ಊರಿನಲ್ಲಿದ್ದ ತಂಗಿಗೆ ಫಾರ್ಮನ್ನು ವಾಟ್ಸಾಪ್‌ನಲ್ಲಿ ಕಳಿಸಿದೆ. ಅವಳು ಪ್ರಿಂಟ್ ಹಾಕಿಸಿ ತಂದ ಕಾಗದ ನೋಡಿದ್ದೇ ಅಪ್ಪ ಎದ್ದು ಹೊರಗೆ ಹೋದನಂತೆ. ಫೋನ್ ಮಾಡಿದೆ.

"ಒಂದ್ಸಲ ಒತ್ತಿದ್ದಕ್ಕೇ ಕಾಡಿಂದ ಆಚೆ ಬಂದ್ವಿ ಕಣವ್ವ. ಇನ್ನು ಒತ್ತಕ್ಕಿಲ್ಲ."

"ನಾನೂ ಅವರೂ ಒಂದೇನಾ? ನಾನು ನಿನ್ನ ಮಗಳು!" ಎಂದು ಕೂಗಾಡಿ ಫೋನ್ ಇಟ್ಟೆ.

ಕೋಪ ಇಳಿಯುವುದಕ್ಕೆ ಎರಡು ದಿನ ಬೇಕಾಯಿತು. ನಾನು ಚಿಕ್ಕವಳಿದ್ದಾಗ ಯಾರೋ ಅಧಿಕಾರಿಗಳು ಓದಿ ಹೇಳದೆ ಅಪ್ಪನಿಂದ ಒತ್ತಿಸಿಕೊಂಡ ಕಾಗದವೊಂದು ನಮ್ಮ ಗುಡಿಸಲನ್ನು ಕಾಡಿನ ಅಂಚಿಗೆ ತಂದು ಹಾಕಿತ್ತು. ಗೊತ್ತಿದ್ದೂ ನಾನು ಅಂಥದೇ ಇನ್ನೊಂದು ಕಾಗದ ಕಳಿಸಿದ್ದೆ, ಅದನ್ನೂ ಓದಿ ಹೇಳದೆ. ಥೂ, ನನ್ನ ಓದಿಗಿಷ್ಟು ಎನಿಸಿ ನಾಚಿಕೆಯಾಯಿತು.

ನನ್ನ ಮಾರ್ಗದರ್ಶಕಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಸಮಿತಿಯ ಜೊತೆ ಮಾತಾಡಿ, ಬಾಯಿಮಾತಿನ ಒಪ್ಪಿಗೆಯನ್ನು ರೆಕಾರ್ಡ್ ಮಾಡಿ ಕೊಟ್ಟರೂ ನಡೆಯುತ್ತದೆ ಎಂದರು. ಈ ಸಲ ಇಡೀ ಅಧ್ಯಾಯವನ್ನು ಫೋನಿನಲ್ಲೇ ಅಪ್ಪನಿಗೆ ಓದಿ ಹೇಳಿದೆ. ತಂಗಿ ಅವನ ಮಾತನ್ನು ರೆಕಾರ್ಡ್ ಮಾಡಿ ಕಳಿಸಿದಳು.

"ಇದು ನಾನು ನನ್ ಮಗಳ್ಗೆ ಹೇಳ್ಕೊಟ್ಟಿದ್ದು, ದಿಟ. ಬರ್ಕೊಳ್ಲಿ. ಆದ್ರೆ ಅರ್ಧನೇ ಕಲ್ತವಳೆ. ಮಿಕ್ಕಿದ್ದು ಜೇನು ಕಾಲ್ದಲ್ಲಿ ನಡ್ಕಂಡು ಕಲೀಬೇಕು. ಆವಾಗೆಲ್ಲ ಅವಳ್ಗೆ ಅಲ್ಲಿ ಇಸ್ಕೂಲು."

ಅಧ್ಯಾಯ ಉಳಿಯಿತು. ಫಲಿತಾಂಶ ಬಂದ ದಿನ ಕುಣಿದಾಡುತ್ತಾ ಫೋನ್ ಮಾಡಿ, "ಅಪ್ಪಾ, ಪಾಸಾದೆ!" ಎಂದೆ.

"ಭೇಷ್ ಕಣವ್ವ. ಯಾವಾಗ ಬತ್ತೀಯ?"

"ಜೂನ್ ಕೊನೆಗೆ, ಶಾಲೆಗೆ ರಜೆ ಕೊಟ್ಟ ಮೇಲೆ."

"ಓ... ಅಷ್ಟೊತ್ತಿಗೆ ಜೇನು ಮುಗ್ದೋಗಿರ್ತದೆ." ಮತ್ತೆ ಹೇಳಿದ, "ಮುಂದಿನ್ ಸಲ ಮರ ಹತ್ತಕ್ಕೆ ಕಾಲು ಬತ್ತವೋ ಇಲ್ವೋ."

ಮಾರನೆಯ ದಿನ ಪ್ರಾಂಶುಪಾಲರ ಮುಂದೆ ಜೇನು ಕಾಲಕ್ಕೆಂದು ರಜೆ ಅರ್ಜಿ ಇಟ್ಟೆ. ಅವರು ಮಂಗಳೂರಿನವರು.

"ಏಪ್ರಿಲ್‌ನಲ್ಲಾ? ಹೊಸ ಕ್ಲಾಸ್ ಸ್ಟಾರ್ಟ್ ಆಗುವಾಗ ಯಾರು ರಜೆ ಕೇಳ್ತಾರೆ ಮಾರಾಯ್ರೆ? ನಿಮ್ಮ ಎಂ.ಎ. ಖಲಾಸ್ ಆಯ್ತಲ್ಲ?"

"ಇಲ್ಲ ಮೇಡಂ," ಎಂದೆ, "ಇನ್ನೂ ಅರ್ಧ ಓದು ಬಾಕಿ ಇದೆ. ಮೇಷ್ಟ್ರಿಗೆ ವಯಸ್ಸಾಗ್ತಿದೆ."