ಸೋಸಿ ಕುಡಿದ ನೀರು

ನಿಜಾಮನ ಮೇಲಿನ ಪೊಲೀಸ್ ಆಕ್ಷನ್ ಮುಗಿದು ಎರಡು ಮೂರು ವರ್ಷವಾಗಿತ್ತು. ನಾನು ಲಿಂಗಸುಗೂರಿನಿಂದ ಮಸ್ಕಿಗೆ ಸೊಸೆಯಾಗಿ ಬಂದ ಹೊಸತು. ಮನೆಯಲ್ಲಿ ಗಂಡ, ಅತ್ತೆ, ನಾನು, ಇಷ್ಟೇ ಜನ. ಗಂಡನದು ಬಟ್ಟೆ ವ್ಯಾಪಾರ. ಸೀರೆ ಧೋತರದ ಗಂಟನ್ನು ಕುದುರೆಯ ಮೇಲೆ ಹೇರಿಕೊಂಡು ಇವತ್ತು ಸಂತೆಕಲ್ಲೂರು ಅಂದರೆ ಮತ್ತೊಂದು ದಿನ ಸಿಂಧನೂರು ಅಂತ ತಿರುಗುತ್ತಿದ್ದರು. ತಾವು ಮಾತ್ರ ಕುದುರೆ ಹತ್ತುತ್ತಿರಲಿಲ್ಲ. "ಮೂಕ ಪ್ರಾಣಿಗಿ ಎಷ್ಟಂತ ಭಾರ ಹಾಕೋದು" ಎಂದು ಅದರ ಪಕ್ಕದಲ್ಲಿ ನಡೆದೇ ಹೋಗುವವರು. ತಿರುಗಿ ಮನೆಗೆ ಬಂದಾಗ ಮೊಣಕಾಲಿನ ತನಕ ಕರಿಮಣ್ಣಿನ ಧೂಳು.

ಆ ಬೇಸಿಗೆ ನಮ್ಮ ಮಾಳಿಗೆಯ ಕೋಣೆಗೆ ಒಬ್ಬರು ಬಂದು ಇಳಿದುಕೊಂಡರು. ಹೈದರಾಬಾದಿನ ಕಾಲೇಜೊಂದರಲ್ಲಿ ಪ್ರಾಣಿಗಳ ಪಾಠ ಹೇಳುವವರು, ರಜೆಯಲ್ಲಿ ನಮ್ಮೂರಿನ ಪಾವಟಿಗೆ ಬಾವಿ ಹುಡುಕಿಕೊಂಡು ಬಂದಿದ್ದರು. ಕೊಡ ಹಿಡಿದು ಕಲ್ಲಿನ ಮೆಟ್ಟಿಲು ಇಳಿದು, ಪಾದ ತೋಯಿಸಿಕೊಂಡು ನೀರು ತುಂಬುವ ಬಾವಿ ಅದು. ಆ ನೀರಿನಲ್ಲಿ ಸಿಗಡಿ ಏಡಿಗಳ ಬಳಗದ ಹುಳಗಳಿವೆ, ಎಳ್ಳಿಗಿಂತ ಸಣ್ಣವು, ಅವುಗಳನ್ನು ಹಿಡಿದು ಯಾವುದು ಯಾವ ಜಾತಿ ಎಂದು ವಿಂಗಡಿಸುವುದೇ ತಮ್ಮ ಕೆಲಸ ಎಂದರು. ಓಣಿಯವರು ಅವರಿಗೆ ಹುಳದ ಮಾಸ್ತರ ಎಂದು ಹೆಸರಿಟ್ಟರು.

ಅತ್ತೆ ಮೊದಲ ದಿನವೇ ಕೇಳಿದರು: "ಹುಳಕ್ಕೂ ಜಾತಿ ಅದಾವೇನಪಾ? ಮನಷ್ಯಾರ್ದು ಸಾಲದಾತೇನು?"

"ಅದಾವ ಅವ್ವಾ. ಆದ್ರ ಅವು ಮಡಿ ಮೈಲಿಗಿ ಅಂತ ಕುಂದ್ರಂಗಿಲ್ಲ" ಎಂದು ಮಾಸ್ತರರು ನಕ್ಕರು. ಅತ್ತೆಗೆ ಆ ನಗು ಹಿಡಿಸಿತು. ಇನ್ನೂ ಹೆಚ್ಚು ಹಿಡಿಸಿದ್ದು ಅವರು ನೀರು ಕುಡಿಯುವ ರೀತಿ. ನಾನು ತುಂಬಿಟ್ಟ ತಂಬಿಗೆಯ ನೀರನ್ನು ನಾಲ್ಕು ಮಡಿಕೆಯ ಬಿಳಿ ಬಟ್ಟೆಯಲ್ಲಿ ಸೋಸಿಯೇ ಕುಡಿಯುತ್ತಿದ್ದರು. ನಮ್ಮ ಮನೆಯಲ್ಲಿ ಲಿಂಗಪೂಜೆಯ ನೀರನ್ನಷ್ಟೇ ಹಾಗೆ ಸೋಸುತ್ತಿದ್ದುದು.

"ನೋಡವಾ, ಅಷ್ಟು ದೊಡ್ಡ ಊರಾಗ ಇದ್ರೂ ಆಚಾರ ಬಿಟ್ಟಿಲ್ಲ" ಎಂದು ಅತ್ತೆ ಅವರ ಎದುರಿಗೇ ನನಗೆ ಹೇಳಿದರು. ಮಾಸ್ತರರು ಬಟ್ಟೆ ಹಿಂಡಿ ಗೂಟಕ್ಕೆ ಹಾಕಿದರು.

ಕಿಟಕಿಯ ಹತ್ತಿರ, ಸಣ್ಣದನ್ನು ದೊಡ್ಡದು ಮಾಡಿ ತೋರಿಸುವ ಹಿತ್ತಾಳೆಯ ಯಂತ್ರವೊಂದನ್ನು ಇಟ್ಟಿದ್ದರು. ಅವರು ಅದಕ್ಕೆ ಖುರ್ದಬೀನು ಎನ್ನುತ್ತಿದ್ದರು, ಓಣಿಗೆ ಅದು ದುರ್ಬೀನು. ಊಟದ ತಟ್ಟೆ ತರಲು ಹೋದ ನನಗೆ ಒಮ್ಮೆ "ನೋಡ್ತೀಯೇನು ತಂಗಿ?" ಎಂದು ಕರೆದರು. ಕಣ್ಣು ಹಚ್ಚಿದೆ. ಬೆಳಕಿನ ಬಿಲ್ಲೆಯೊಂದರಲ್ಲಿ ಗಾಜಿನಂಥ ಮೈಯ ಜೀವ ಜಿಗಿಜಿಗಿ ಜಿಗಿಯುತ್ತಿತ್ತು. ಹಣೆಯ ನಡುವೆ ಒಂದೇ ಕಣ್ಣು, ಕುಂಕುಮದ ಚುಕ್ಕೆಯ ಹಾಗೆ ಕೆಂಪು. ಬಾಲದ ಎರಡೂ ಕಡೆಗೆ ಮೊಟ್ಟೆ ತುಂಬಿದ ಎರಡು ಚೀಲ. "ಬಸುರಿ ಇದ್ದಾಳ" ಎಂದರು ಮಾಸ್ತರರು. ನಾನು ಮತ್ತೆ ಕಣ್ಣು ಹಚ್ಚಿದೆ.

ಆಮೇಲೆ ದಿನಾ ಹೋಗತೊಡಗಿದೆ. ನಾನು ರಂಗೋಲಿ ಹಾಕುವುದನ್ನು ನೋಡಿದ್ದ ಅವರು ಕೈಗೆ ಪೆನ್ಸಿಲು ಕೊಟ್ಟು, ಕಂಡದ್ದನ್ನು ಕಂಡ ಹಾಗೆ ಬರೆ ಎಂದರು. ಹಿಂದೆ ದೂರದ ದೇಶದಲ್ಲಿ ಒಬ್ಬ ವೈದ್ಯ ಇದ್ದನಂತೆ. ಹಗಲೆಲ್ಲ ಶಸ್ತ್ರಚಿಕಿತ್ಸೆ, ಬಿಡುವಾದಾಗ ಹೊಂಡದ ನೀರಿನ ಈ ಒಂಟಿಗಣ್ಣಿನ ಜೀವಗಳ ಅಭ್ಯಾಸ. ಅವನು ನೋಡಿದ್ದನ್ನು ಚಿತ್ರ ಬರೆದವಳು ಅವನ ಮಗಳು. "ಆ ಹುಡುಗಿ ಕೈ ಇಲ್ದಿದ್ರ ಅವನ ಕಣ್ಣಿಗಿ ಬೆಲಿ ಇರ್ತಿದ್ದಿಲ್ಲ. ನಿನ್ನ ಕೈನೂ ಅಂಥಾದ್ದೇ ತಂಗಿ" ಎಂದರು. ಜಾತಿ ಗುರುತಿಸುವುದು ಐದನೆಯ ಜೋಡಿ ಕಾಲಿನಿಂದ ಎಂದು ಹೇಳಿಕೊಟ್ಟರು. ಎರಡು ಸೂಜಿಗಳಿಂದ ಆ ಕಾಲನ್ನು ಬಿಡಿಸಿ ಇಡುವಾಗ ಅವರು ಉಸಿರು ಬಿಗಿಹಿಡಿಯುತ್ತಿದ್ದರು, ನಾನೂ ಹಿಡಿಯುತ್ತಿದ್ದೆ. ನಮ್ಮ ಬಾವಿಯ ಹುಳದ ಕಾಲು ಯಾವ ಪುಸ್ತಕದ ಕಾಲನ್ನೂ ಹೋಲುವುದಿಲ್ಲ, ಇದು ಹೊಸ ಜಾತಿ ಇರಬೇಕು, ಇನ್ನೊಂದು ಬೇಸಿಗೆ ನೋಡಿದರೆ ಖಾತ್ರಿಯಾಗುತ್ತದೆ ಎನ್ನುತ್ತಿದ್ದರು. ನನ್ನ ತವರಿನಲ್ಲಾಗಲಿ ಇಲ್ಲಾಗಲಿ ಯಾರೂ ನನ್ನನ್ನು ಅಷ್ಟು ದೊಡ್ಡ ಕೆಲಸಕ್ಕೆ ಜೊತೆ ಮಾಡಿಕೊಂಡಿರಲಿಲ್ಲ. ಅವರನ್ನು ಅಣ್ಣ ಎಂದೇ ತಿಳಿದಿದ್ದೆ.

ಒಂದು ಮುಂಜಾನೆ ಬಾಟಲಿ ಹಿಡಿದು ಅವರೊಂದಿಗೆ ಬಾವಿಗೆ ಇಳಿದೆ. ಕೆಳಗಿನ ಮೆಟ್ಟಿಲಲ್ಲಿ ಒಬ್ಬ ಹುಡುಗಿ ಹಿಮ್ಮಡಿ ನೀರಲ್ಲಿ ಇಳಿಬಿಟ್ಟು ಅಳುತ್ತಿದ್ದಳು. ಕಾಲಿಗೆ ನಾರುಹುಣ್ಣು ಆಗಿತ್ತು. ಮೊದಲು ಬೊಬ್ಬೆ ಎದ್ದು, ಅದು ಒಡೆದು, ಒಳಗಿಂದ ಬಿಳಿ ದಾರದಂಥ ಉದ್ದನೆಯ ಹುಳ ಹೊರಗೆ ಬರುವ ರೋಗ. ಉರಿ ತಾಳದೆ ಎಲ್ಲರೂ ಕಾಲನ್ನು ಬಾವಿಯ ನೀರಿಗೆ ಇಡುತ್ತಿದ್ದರು. ನಮ್ಮ ಕಡೆ ಬೇಸಿಗೆ ಬಂದರೆ ಮನೆಗೊಬ್ಬರಿಗಾದರೂ ಆಗುತ್ತಿತ್ತು. ಮೈಯ ಉಷ್ಣ ಅನ್ನುತ್ತಿದ್ದರು, ಕೆಟ್ಟ ರಕ್ತ ಅನ್ನುತ್ತಿದ್ದರು.

ಮಾಸ್ತರರು ಆ ಕಾಲು ನೋಡಿದರು. ಕಾಲಿನ ಸುತ್ತಲಿನ ನೀರು ನೋಡಿದರು. "ಇಲ್ಲೇ ತುಂಬು ತಂಗಿ, ಇಲ್ಲೇ ಭಾಳ ಇರ್ತಾವ" ಎಂದರು. ನಾನು ತುಂಬಿದೆ.

ಮುಂದಿನ ಬೇಸಿಗೆಗೆ ನನ್ನ ಗಂಡನ ಮೊಣಕಾಲಿನ ಹತ್ತಿರ ಬೊಬ್ಬೆ ಎದ್ದಿತು. ಹುಳದ ತುದಿ ಕಂಡ ಮೇಲೆ ಅತ್ತೆ ಅದನ್ನು ಕಡ್ಡಿಗೆ ಸಿಕ್ಕಿಸಿ ದಿನಕ್ಕಿಷ್ಟು ಅಂತ ಸುತ್ತುತ್ತಿದ್ದರು. ಕುದುರೆ ಕಟ್ಟಿದಲ್ಲೇ ನಿಂತಿತ್ತು. ಅಷ್ಟರಲ್ಲಿ ಕಾಲೇಜಿಗೆ ರಜೆ ಬಿದ್ದು, ಹೈದರಾಬಾದಿನಿಂದ ಮಾಸ್ತರರು ಮತ್ತೆ ಬಂದರು. ಹೊರಸಿನ ಮೇಲೆ ಮಲಗಿದ್ದ ಗಂಡನ ಕಾಲನ್ನು ಬಾಗಿ ನೋಡಿದರು.

"ಜಗ್ಗಬ್ಯಾಡ್ರಿ. ಹರದ್ರ ಕೀವು ಆಗ್ತದ" ಎಂದು ಎಚ್ಚರಿಸಿ ಮಾಳಿಗೆಗೆ ಹೋದರು. ಅವತ್ತು ಸಂಜೆಯೇ ಬಾಟಲಿ ತುಂಬಿಕೊಂಡು ಬಂದರು.

ಎಷ್ಟು ಜೋಪಾನ ಮಾಡಿದರೂ ಹುಳ ಒಳಗೇ ತುಂಡಾಯಿತು. ಮೊಣಕಾಲು ಕುಂಬಳಕಾಯಿಯಷ್ಟು ಬಾತು, ಜ್ವರ ಏರಿತು. ಚಕ್ಕಡಿಯಲ್ಲಿ ಹುಲ್ಲು ಹಾಸಿ ಲಿಂಗಸುಗೂರಿನ ದವಾಖಾನೆಗೆ ಕರೆದೊಯ್ದೆ. ಡಾಕ್ಟರು ಕೀವು ತೆಗೆದು ಪಟ್ಟಿ ಕಟ್ಟಿ, ಕೈ ತೊಳೆಯುತ್ತ ಕೇಳಿದರು:

"ಕುಡಿಯೋ ನೀರು ಎಲ್ಲೀದು?"

"ಪಾವಟಿಗಿ ಬಾಂವೀದ್ರಿ."

"ಅದರಾಗೇ ಅದ ನೋಡ್ರಿ. ಹುಣ್ಣಿನ ಕಾಲು ನೀರಾಗ ಇಟ್ರ ನಾರಿನ ಮರಿ ನೀರಿಗಿ ಬೀಳ್ತಾವ. ಅಲ್ಲಿ ಒಂದು ಸಣ್ಣ ಹುಳ ಇರ್ತದ, ಅದು ಆ ಮರಿ ತಿಂತದ. ನೀವು ಆ ಹುಳ ಕುಡೀತೀರಿ. ವರ್ಷ ಆಗೋದ್ರಾಗ ಆ ಮರಿ ನಾರಾಗಿ ಬೆಳದು ಕಾಲಾಗ ಹೊರಗ ಬರ್ತದ."

ನಾನು ಅವರ ಹತ್ತಿರ ಹೋದೆ. "ಎಂಥಾ ಹುಳರಿ? ಒಂದೇ ಕಣ್ಣಿಂದು? ಬಾಲಕ್ಕ ಎರಡು ಚೀಲ?"

ಡಾಕ್ಟರು ತಿರುಗಿ ನೋಡಿದರು. "ನಿಮಗ್ಯಾರು ಹೇಳಿದ್ರು?"

"ಬರದೀನ್ರಿ" ಎಂದೆ. ಅವರಿಗೆ ಅರ್ಥವಾಗಲಿಲ್ಲ. ಆ ಹುಳಗಳ ವಿದ್ಯೆ ಕಲಿತವರಿಗೆಲ್ಲ ಈ ಸಂಗತಿ ಗೊತ್ತಿರುತ್ತದೆಯೇ ಎಂದು ಕೇಳಿದೆ. "ಗೊತ್ತಿರದೇ ಏನು! ಬಹಳ ಹಳೇ ಮಾತು. ಬಟ್ಟಿಯಾಗ ಸೋಸಿ ಕುಡದ್ರ ಸಾಕು, ಈ ರೋಗ ಬರಂಗಿಲ್ಲ" ಎಂದರು.

ಗಂಡನನ್ನು ತವರಿನಲ್ಲಿ ಬಿಟ್ಟು ಅದೇ ಚಕ್ಕಡಿಯಲ್ಲಿ ಮಸ್ಕಿಗೆ ಹೊರಟೆ. ದಾರಿಯುದ್ದಕ್ಕೂ ಒಂದೇ ಲೆಕ್ಕ ಹಾಕಿದೆ. ಮಾಸ್ತರರು ನಮ್ಮ ಮನೆಯಲ್ಲಿ ಸೋಸಿ ಕುಡಿದ ಪ್ರತಿ ತಂಬಿಗೆ ನೀರಿನ ಹೊತ್ತಿಗೂ ನಾವು ಪಕ್ಕದಲ್ಲೇ ಸೋಸದ ನೀರು ಕುಡಿಯುತ್ತಿದ್ದೆವು. ಅವರು ನೋಡುತ್ತಿದ್ದರು.

ಮನೆಗೆ ಬಂದವಳು ಕಾಲು ತೊಳೆಯದೆ ಮಾಳಿಗೆ ಹತ್ತಿದೆ. ಮಾಸ್ತರರು ಖುರ್ದಬೀನಿಗೆ ಬಾಗಿದ್ದರು.

"ನಿಮಗ ಗೊತ್ತಿತ್ತು" ಎಂದೆ.

ಯಾವುದು ಎಂದು ಅವರು ಕೇಳಲಿಲ್ಲ. "ಹೇಳಿದ್ರ ಯಾರು ನಂಬತಿದ್ರು ತಂಗಿ?" ಎಂದರು.

"ನಾ ನಂಬತಿದ್ದೆ. ನೀವು ಹೇಳಿದ್ದೆಲ್ಲಾ ನಂಬೀನಿ ನಾ."

ಅವರು ಕನ್ನಡಕ ತೆಗೆದು ಒರೆಸಿದರು. "ಸರಕಾರಕ್ಕ ಗೊತ್ತಾದ್ರ ಬಾಂವಿಗಿ ಔಷಧ ಹಾಕ್ತಾರ. ಒಂದೂ ಹುಳ ಉಳಿಯಂಗಿಲ್ಲ. ಎರಡನೇ ಬ್ಯಾಸಗಿ ನೋಡದೇ ಹೊಸ ಜಾತಿ ಅಂತ ಬರಿಯಾಕ ಬರಂಗಿಲ್ಲ. ಈ ಬ್ಯಾಸಗಿ ಮುಗದ ಮ್ಯಾಲ ಹೇಳಾವಿದ್ದೆ."

"ಬಾಂವಿಗಿ ಔಷಧ ಬ್ಯಾಡ ಬಿಡ್ರಿ. ಸೋಸಿ ಕುಡೀರಿ ಅಂತ ನಮ್ಮ ಮನಿಯವ್ರಿಗೆ ಒಂದು ಮಾತು ಹೇಳಾಕ ಏನಾಗಿತ್ತು?"

ಯಾಕೆ ಅಂತ ನೀನು ಕೇಳಿದ್ದರೆ ಹೇಳಬೇಕಾಗುತ್ತಿತ್ತು, ನೀನು ಊರಿಗೆಲ್ಲ ಹೇಳುತ್ತಿದ್ದೆ ಎಂದು ಮಾಸ್ತರರು ತಡೆದು ತಡೆದು ಅಂದರು. ಮೆಟ್ಟಿಲಲ್ಲಿ ಅತ್ತೆ ನಿಂತು ಕೇಳುತ್ತಿದ್ದರು. ಅವರು ಒಳಗೆ ಬಂದು, ಬಹಳ ಮೆಲ್ಲಗೆ ಹೇಳಿದರು: "ಊಟದ ಹೊತ್ತಾಗ್ಯಾದ. ಉಂಡು ಹೋಗಪಾ. ಇನ್ನ ಈ ಮನ್ಯಾಗ ಇರಬ್ಯಾಡ."

ಬಡಿಸಿದವರು ಅತ್ತೆ. ಮಾಸ್ತರರು ರೊಟ್ಟಿ, ಪುಂಡಿಪಲ್ಯ ಉಂಡರು, ಮಜ್ಜಿಗೆ ಕೇಳಿ ಹಾಕಿಸಿಕೊಂಡರು. ತುತ್ತು ಗಂಟಲಲ್ಲಿ ಇಳಿಯದ ಹಾಗೆ ಆಗಬಹುದು ಎಂದು ನಾನು ಒಲೆಯ ಮರೆಯಿಂದ ಕಾಯುತ್ತಿದ್ದೆ. ಹಾಗೇನೂ ಆಗಲಿಲ್ಲ.

ಅವರು ಉಣ್ಣುವಾಗಲೇ ನಾನು ಅವರ ಭೂತಗನ್ನಡಿ ಎತ್ತಿಕೊಂಡು, ಅಡುಗೆಮನೆಯ ಬಿಳಿ ಪಿಂಗಾಣಿ ಬಟ್ಟಲು ಹಿಡಿದು ಬಾವಿಗೆ ಹೋದೆ. ಹೆಂಗಸರಿಗೆ ವಿಷಯ ಹೇಳಿದರೆ ನಗಾಡಿದರು. "ಹುಳದ ಮಾಸ್ತರನ ಶಿಷ್ಯಾ ಬಂದ್ಲು" ಎಂದಳೊಬ್ಬಳು. ನಾನು ಬಟ್ಟಲು ತುಂಬಿ ಬಿಸಿಲಿಗೆ ಇಟ್ಟು, ಗಾಜು ಹಿಡಿದು, ಒಬ್ಬೊಬ್ಬರನ್ನೇ ಬಗ್ಗಿಸಿದೆ. ಬಿಳಿಯ ತಳದ ಮೇಲೆ ಅವು ಜಿಗಿಯುತ್ತಿದ್ದವು. ಪಕ್ಕದ ಓಣಿಯ ಮುಸಲ್ಮಾನರ ಮುದುಕಿಯೊಬ್ಬಳು ಬಹಳ ಹೊತ್ತು ನೋಡಿ, "ಯಾ ಅಲ್ಲಾ, ಇವನ್ನ ಕುಡದೀವೇನವಾ ನಾವು?" ಎಂದು ತನ್ನ ಕೊಡದ ನೀರನ್ನು ಮೆಟ್ಟಿಲಿಗೆ ಚೆಲ್ಲಿದಳು. ಅವಳ ಮೊಮ್ಮಗನಿಗೂ ಆ ವರ್ಷ ನಾರು ಆಗಿತ್ತು. ಅವಳೇ ಮೊದಲು ಸೆರಗಿನ ತುದಿಯನ್ನು ಕೊಡದ ಬಾಯಿಗೆ ಬಿಗಿದು ನೀರು ತುಂಬಿದವಳು. ಉಳಿದವರು ಆಮೇಲೆ.

ನಾನು ಮನೆಗೆ ಬರುವಷ್ಟರಲ್ಲಿ ಮಾಸ್ತರರು ಹೋಗಿಬಿಟ್ಟಿದ್ದರು. ಅವಸರದಲ್ಲಿ ಒಂದು ಮರದ ಪೆಟ್ಟಿಗೆ ಬಿಟ್ಟಿದ್ದರು. ಅದರ ತುಂಬ ಸ್ಪಿರಿಟ್ಟಿನ ಗಾಜಿನ ನಳಿಗೆಗಳು, ಒಳಗೆ ಆ ಹುಳಗಳು. ತಿಪ್ಪೆಗೆ ಸುರಿಯಬೇಕೆಂದಿದ್ದೆ. ಗಂಡ ಬರಲಿ ಎಂದು ಅತ್ತೆ ತಡೆದರು.

ಗಂಡ ಬಂದದ್ದು ಕೋಲು ಊರಿಕೊಂಡು. ಮೊಣಕಾಲು ಮತ್ತೆ ಬಾಗಲೇ ಇಲ್ಲ. ಕುದುರೆಯನ್ನು ಮುಕ್ಕುಂದ ಎಂಬ ಊರಿನ ಒಬ್ಬರಿಗೆ ಕೊಟ್ಟು ಪಡಸಾಲೆಯಲ್ಲೇ ಅಂಗಡಿ ಇಟ್ಟರು. ಪೆಟ್ಟಿಗೆಯ ವಿಷಯ ಹೇಳಿದಾಗ, "ಅದು ಅವನ ಬದುಕು. ಇಟ್ಟಿರು, ಬಂದ್ರ ಕೊಡೂಣು" ಎಂದರು. ಆ ಮಾತಿಗೆ ನಾನು ಎರಡು ದಿನ ಅವರೊಂದಿಗೆ ಮಾತಾಡಲಿಲ್ಲ.

ಮಾಸ್ತರರು ಬಂದದ್ದು ಕೆಲವು ವರ್ಷಗಳ ಮೇಲೆ, ನಮ್ಮ ಸೀಮೆ ಮೈಸೂರಿಗೆ ಸೇರುತ್ತದೆ ಎಂದು ಎಲ್ಲ ಕಡೆ ಮಾತು ನಡೆದಿದ್ದ ಕಾಲ. ತಲೆ ನರೆತಿತ್ತು. ಬಾವಿಗೆ ಅಷ್ಟರಲ್ಲಿ ಕಟ್ಟೆ ಎದ್ದು, ಮೆಟ್ಟಿಲು ಮುಚ್ಚಿ, ರಾಟೆ ಕೂತಿತ್ತು. ಗಂಡ ತಾವೇ ಪೆಟ್ಟಿಗೆ ತಂದು ಮುಂದಿಟ್ಟರು. ಮಾಸ್ತರರು ಅವರ ಕಾಲು ನೋಡಲಿಲ್ಲ, ನನ್ನ ಕಡೆ ತಿರುಗಿದರು.

"ಆ ಹುಳ ಹೊಸಾ ಜಾತಿ ಅಲ್ಲ ತಂಗಿ. ಬ್ಯಾರೆ ದೇಶದಾಗ ಮೊದಲೇ ಒಬ್ರು ಹೆಸರಿಟ್ಟಾರ. ನನ್ನ ಕೈಗಿ ಆ ಪುಸ್ತಕ ತಡಾ ಸಿಕ್ತು."

ಎಂಥ ದುಃಖದಿಂದ ಹೇಳಿದರೆಂದರೆ, ನಾನು ಅಯ್ಯೋ ಅನ್ನುತ್ತೇನೆ ಎಂದು ಕಾದು ನಿಂತ ಹಾಗಿತ್ತು. "ತಂಗಿ ಅನಬ್ಯಾಡ್ರಿ" ಎಂದಷ್ಟೇ ಹೇಳಿ ಒಳಗೆ ಹೋದೆ. ಪೆಟ್ಟಿಗೆ ಹೆಗಲಿಗಿಟ್ಟುಕೊಂಡು ಅವರು ಓಣಿ ದಾಟುವವರೆಗೂ ನಳಿಗೆಗಳ ಸಪ್ಪಳ ಕೇಳುತ್ತಿತ್ತು.

"ಮುಪ್ಪಾಗ್ಯಾನ ಪಾಪ" ಎಂದರು ಗಂಡ. ಮುಂದೆಯೂ ಅವರ ಮಾತು ಬಂದಾಗಲೆಲ್ಲ ಗಂಡ ಹೀಗೇ ಅನ್ನುತ್ತಿದ್ದರು. ಮಾಸ್ತರ ಬೇಕಂತ ಕೇಡು ಮಾಡಿದವನಲ್ಲ, ತನ್ನ ಕೆಲಸದಲ್ಲಿ ಮುಳುಗಿದ್ದ ಅಂತ. ನಾನು ಎದ್ದು ಹೋಗುತ್ತಿದ್ದೆ. ಬೇರೆ ಎಲ್ಲದರಲ್ಲೂ ನಮಗೆ ಹೊಂದುತ್ತಿತ್ತು, ಇದೊಂದರಲ್ಲಿ ಕೊನೆಯವರೆಗೂ ಹೊಂದಲಿಲ್ಲ.